ಎಣ್ಣೆ ನೀವುವಿಕೆ, ಶಿಶುವಿಗೆ

ಹಸುಗೂಸಿನ ಮೈಗೆ ಎಣ್ಣೆ ಹಚ್ಚಿ, ಹದವಾಗಿ ಒತ್ತಿ ನೀವುವ ಮನೆಯ ಆರೈಕೆ. ಕರ್ನಾಟಕದ ಬಾಣಂತನದ ಮನೆಗಳಲ್ಲಿ ಇದನ್ನು ‘ಎರೆಯುವ’ ಸ್ನಾನದಿಂದ ಬೇರೆಯಾಗಿ ಕಾಣುವ ರೂಢಿ ಕಡಿಮೆ. ಅಜ್ಜಿಯೋ, ಎರೆಯಲು ಗೊತ್ತುಮಾಡಿಕೊಂಡ ಹೆಂಗಸೋ ಎರಡನ್ನೂ ಕೂತಲ್ಲೇ ಮುಗಿಸುತ್ತಾರೆ.

ವಿಧಾನ
ಎರೆಯುವವಳು ಬಚ್ಚಲಲ್ಲಿ ಮಣೆ ಹಾಕಿ, ಕಾಲು ನೀಡಿ ಕೂರುತ್ತಾಳೆ. ಎರಡು ಕಾಲುಗಳ ನಡುವಿನ ತಗ್ಗೇ ಮಗುವಿನ ಹಾಸಿಗೆ. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ತೊಡೆಯಿಂದ ಹರಡಿನವರೆಗೆ ನೀವುತ್ತಾಳೆ. ಹೊಟ್ಟೆಯ ಮೇಲೆ ಕೈ ಗಡಿಯಾರದ ಮುಳ್ಳಿನಂತೆ ಸುತ್ತಬೇಕು. ದೊಡ್ಡ ಕರುಳು ಸಾಗುವ ದಾರಿ ಅದೇ. ಹಾಲು ಕುಡಿದ ಕೂಡಲೇ ಇದು ಸಲ್ಲದು. ಮಗು ಮುಖ ತಿರುಗಿಸಿದರೆ, ಅತ್ತರೆ ಅಲ್ಲಿಗೆ ನಿಲ್ಲಿಸುವುದು.

ಇತಿಹಾಸ
ಫ್ರಾನ್ಸಿನ ಪ್ರಸೂತಿ ವೈದ್ಯ ಫ್ರೆಡೆರಿಕ್ ಲೆಬೊಯೆ 1976ರಲ್ಲಿ ‘ಶಾಂತಲಾ’ ಎಂಬ ಪುಸ್ತಕ ತಂದರು. ಕನ್ನಡಿಗರಿಗೆ ಹೆಸರು ಕೇಳಿದೊಡನೆ ಹೊಯ್ಸಳ ರಾಣಿ ನೆನಪಾಗಬಹುದು; ಪುಸ್ತಕದ ಶಾಂತಲಾ ಕೋಲ್ಕತ್ತದಲ್ಲಿ ತನ್ನ ಮಗುವಿಗೆ ಎಣ್ಣೆ ನೀವುತ್ತಿದ್ದ ತಾಯಿ. 1986ರಲ್ಲಿ ಅಮೆರಿಕದ ಮನೋವಿಜ್ಞಾನಿ ಟಿಫನಿ ಫೀಲ್ಡ್ ಮತ್ತು ಸಂಗಡಿಗರು ಅವಧಿಗೆ ಮುನ್ನ ಹುಟ್ಟಿದ 40 ಶಿಶುಗಳ ಅಧ್ಯಯನ ಪ್ರಕಟಿಸಿದರು. ದಿನಕ್ಕೆ ಮೂರು ಬಾರಿ 15 ನಿಮಿಷದಂತೆ 10 ದಿನ ನೀವಿಸಿಕೊಂಡ ಮಕ್ಕಳು, ಕುಡಿದ ಹಾಲು ಉಳಿದವರಷ್ಟೇ ಆದರೂ, ದಿನಕ್ಕೆ ಶೇ. 47ರಷ್ಟು ಹೆಚ್ಚು ತೂಕ ಪಡೆದಿದ್ದವು. ಸವರಿದಂತೆ ಮುಟ್ಟಿದರೆ ಸಾಲದು, ಹದವಾದ ಒತ್ತಡ ಬೇಕೆಂಬುದು ಅವರ ಮುಂದಿನ ಕೆಲಸದ ಸಾರ. ಇದನ್ನೇ ತಿಂಗಳು ತುಂಬಿ ಹುಟ್ಟಿದ ಗಟ್ಟಿಮುಟ್ಟಾದ ಕೂಸುಗಳಿಗೂ ಅನ್ವಯಿಸುವುದು ಅವಸರ. ಅಲ್ಲಿ ಪುರಾವೆ ದುರ್ಬಲ.

ಎಣ್ಣೆ
ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಒಗ್ಗುತ್ತವೆ. ಸಾಸಿವೆ ಎಣ್ಣೆ ಎಳೆ ಚರ್ಮಕ್ಕೆ ಉರಿ ತರಬಲ್ಲದು.

ಎಚ್ಚರ
ಅಪಾಯವಿರುವುದು ನೀವುವುದರಲ್ಲಿ ಅಲ್ಲ, ಅದರ ಜೊತೆಗೆ ಅಂಟಿಕೊಂಡು ಬಂದ ಅಭ್ಯಾಸಗಳಲ್ಲಿ. ಶೀತ ಇಳಿಯಲೆಂದು ಮೂಗಿಗೆ ಎರಡು ಹನಿ ಎಣ್ಣೆ ಬಿಡುವ ಪದ್ಧತಿ ಎಲ್ಲಕ್ಕಿಂತ ಕೆಟ್ಟದ್ದು. ನೀರು ಉಸಿರುನಾಳಕ್ಕೆ ತಪ್ಪಿಹೋದರೆ ಮಗು ಕೆಮ್ಮುತ್ತದೆ. ಎಣ್ಣೆಯಾದರೆ ಕೆಮ್ಮನ್ನೂ ಎಬ್ಬಿಸದೆ ಶ್ವಾಸಕೋಶಕ್ಕೆ ಜಾರಬಲ್ಲದು. ಅದರಿಂದಾಗುವ ಲಿಪಾಯ್ಡ್ ನ್ಯುಮೋನಿಯಾ ಸೋಂಕಲ್ಲವಾದ್ದರಿಂದ ಆ್ಯಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ. ಮೂಗಿನ ಹನಿಯ ಮಾತನ್ನು ಮನೆಯವರು ಹೇಳದೇ ಹೋದರೆ ರೋಗ ಗುರುತಿಸುವುದು ತಡವಾಗುತ್ತದೆ. ಗಂಡಾಗಲಿ ಹೆಣ್ಣಾಗಲಿ, ಹಸುಗೂಸಿನ ಉಬ್ಬಿದ ಎದೆ ಹಿಂಡಿ ಹಾಲು ತೆಗೆದರೆ ಕೀವುಗಟ್ಟಬಹುದು. ಉಬ್ಬು ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹೊಕ್ಕುಳಬಳ್ಳಿ ಉದುರುವವರೆಗೆ ಆ ಜಾಗಕ್ಕೆ ಎಣ್ಣೆ ತಾಗಿಸದೆ ಒಣದಾಗಿ ಇಡಬೇಕು.