ನೂರರ ಪಟ್ಟಿಯಲ್ಲಿ ಒಂದು ನೆಗೆತ

2002ರಲ್ಲಿ ನಾರ್ವೆಯ ಪುಸ್ತಕ ಕ್ಲಬ್ಬುಗಳು 54 ದೇಶಗಳ ನೂರು ಲೇಖಕರಿಗೆ ಒಂದು ಪ್ರಶ್ನೆ ಕೇಳಿದವು: ವಿಶ್ವಸಾಹಿತ್ಯದಲ್ಲಿ ನಿಮ್ಮ ಪಾಲಿಗೆ ಶ್ರೇಷ್ಠವಾದ ಹತ್ತು ಕೃತಿಗಳು ಯಾವುವು? ಮತ ಎಣಿಸಿದಾಗ ಸೆರ್ವಾಂಟಿಸನ 'ಡಾನ್ ಕ್ವಿಕ್ಸಾಟ್' ಉಳಿದವಕ್ಕಿಂತ ಬಹಳ ಮುಂದಿತ್ತು. ಮಿಕ್ಕ ಕೃತಿಗಳಿಗೆ ಸಂಘಟಕರು ಕ್ರಮಾಂಕವನ್ನೇ ಕೊಡಲಿಲ್ಲ. ಆ ಸಂಕೋಚ ನನಗೆ ಹಿಡಿಸಿತು. ಆದರೆ ಎಣಿಸುವವರು ಬಿಡಬೇಕಲ್ಲ! ದಾಸ್ತೊವ್‌ಸ್ಕಿಗೆ ನಾಲ್ಕು; ಶೇಕ್ಸ್‌ಪಿಯರ್, ಟಾಲ್‌ಸ್ಟಾಯ್, ಕಾಫ್ಕಾ ಇವರಿಗೆ ಮೂರು ಮೂರು.

ನಾನು ಎಣಿಸಿದ್ದು ಭಾರತದ ಪಾಲನ್ನು. ಮಹಾಭಾರತ, ರಾಮಾಯಣ, ಕಾಳಿದಾಸನ ಶಾಕುಂತಲ. ಆಮೇಲೆ ಒಂದೇ ನೆಗೆತಕ್ಕೆ ರಶ್ದಿಯವರ 'ಮಿಡ್‌ನೈಟ್ಸ್ ಚಿಲ್ಡ್ರನ್'. ಸಂಸ್ಕೃತದಿಂದ ಸೀದಾ ಇಂಗ್ಲಿಷಿಗೆ. ನಡುವೆ ಪಂಪನಿಲ್ಲ, ಕಬೀರನಿಲ್ಲ, 1913ರಲ್ಲೇ ನೊಬೆಲ್ ಪಡೆದ ಟಾಗೋರರೂ ಇಲ್ಲ.

ಚಿಕ್ಕ ಭಾಷೆಗಳಿಗೆ ಜಾಗವಿರಲಿಲ್ಲ ಎನ್ನೋಣವೆಂದರೆ, ಆಗ ಸುಮಾರು ಮೂರು ಲಕ್ಷ ಜನರಿದ್ದ ಐಸ್‌ಲ್ಯಾಂಡಿನ ಭಾಷೆಗೆ ಎರಡು ಸ್ಥಾನ ಸಿಕ್ಕಿದೆ: ನ್ಯಾಲನ ಪ್ರಾಚೀನ ಸಾಗಾ ಮತ್ತು ಲಾಕ್ಸ್‌ನೆಸ್‌ನ ಕಾದಂಬರಿ. ಅವೆರಡೂ ಅನುವಾದದಲ್ಲಿ ಊರೂರು ಸುತ್ತಿದಂಥವು. ಲೇಖಕರಾದರೂ ಓದಿದ್ದಕ್ಕೆ ತಾನೇ ಮತ ಹಾಕುವುದು? ಇಲ್ಲಿ ದ್ವೇಷ, ಪಿತೂರಿ ಹುಡುಕುವುದು ವ್ಯರ್ಥ. ಅನಂತಮೂರ್ತಿಯವರ 'ಸಂಸ್ಕಾರ'ಕ್ಕೆ ಹನ್ನೊಂದೇ ವರ್ಷಗಳಲ್ಲಿ, 1976ಕ್ಕೆ, ಎ.ಕೆ. ರಾಮಾನುಜನ್ ಸಿಕ್ಕರು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಪ್ರಕಟವಾದದ್ದು 1967ರಲ್ಲಿ. ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದ ಬಂದದ್ದು 2024ರಲ್ಲಿ. ಅಷ್ಟರಲ್ಲಿ ನಾರ್ವೆಯವರ ಮತ ಎಣಿಕೆ ಮುಗಿದು ಇಪ್ಪತ್ತೆರಡು ವರ್ಷವಾಗಿತ್ತು.