ರಂಗಂಪೇಟೆಯ ಅನ್ನವೂ ರಕ್ತದ ಸಕ್ಕರೆಯೂ

ಸುರಪುರದ ಇತಿಹಾಸವನ್ನು ಹೇಳುವವರು 1705ರಲ್ಲಿ ಔರಂಗಜೇಬನು ವಾಗಣಗೇರಾ ಕೋಟೆಯನ್ನು ಮುತ್ತಿದ ಪ್ರಸಂಗವನ್ನೂ, 1858ರಲ್ಲಿ ರಾಜಾ ವೆಂಕಟಪ್ಪ ನಾಯಕನು ಆಂಗ್ಲರನ್ನು ಎದುರಿಸಿ ರಾಜ್ಯವನ್ನೂ ಪ್ರಾಣವನ್ನೂ ನೀಗಿದ ಬಗೆಯನ್ನೂ ಸವಿಸ್ತಾರವಾಗಿ ವರ್ಣಿಸುವರಾದರೂ, ಆ ನಾಯಕರ ದಂಡಿನವರಾಗಲಿ, ಊರಿಗೆ ಹೊಂದಿಕೊಂಡ ರಂಗಂಪೇಟೆಯ ವರ್ತಕರಾಗಲಿ, ಸುತ್ತಣ ಎರೆಹೊಲಗಳ ಒಕ್ಕಲುಮಕ್ಕಳಾಗಲಿ ಏನನ್ನುಂಡು ಬಾಳಿದರೆಂಬುದರ ಕಡೆಗೆ ಅವರ ಲಕ್ಷ್ಯವು ಅಷ್ಟಾಗಿ ಹರಿದಂತೆ ತೋರುವುದಿಲ್ಲ. ಈಗ ಪೇಟೆಯಲ್ಲಿ ನಾಲ್ವರು ಕೂಡಿದೆಡೆ ಒಬ್ಬರಾದರೂ ‘ನಂಗ ಶುಗರ್ ಅದರೀ’ ಎನ್ನುವ ಕಾಲ ಬಂದಿರಲಾಗಿ, ಆ ಉಪೇಕ್ಷಿತ ಚರಿತ್ರೆಯನ್ನು ಕೆದಕುವುದು ಅಪ್ರಸ್ತುತವಾಗಲಾರದು.

1841ರಲ್ಲಿ ರಾಜಕೀಯ ಪ್ರತಿನಿಧಿಯಾಗಿ ಸುರಪುರಕ್ಕೆ ಬಂದು, ದಶಕಕ್ಕೂ ಮಿಗಿಲಾಗಿ ಇಲ್ಲಿ ನೆಲೆಸಿ, ಇಂದಿಗೂ ‘ಟೇಲರ್ ಮಂಜಿಲ್’ ಎನಿಸಿಕೊಳ್ಳುವ ಮನೆಯನ್ನು ಕಟ್ಟಿಸಿದ ಮೆಡೋಸ್ ಟೇಲರನು ಹುಟ್ಟಿದ್ದು ಲಿವರ್‌ಪೂಲ್ ನಗರದಲ್ಲಿ. ಅದೇ ನಗರದ ವೈದ್ಯನಾದ ಮ್ಯಾಥ್ಯೂ ಡಾಬ್ಸನ್ 1776ರಲ್ಲಿ ಮಧುಮೇಹಿಯ ಮೂತ್ರವನ್ನು ಆವಿಯಾಗಿಸಿ, ಉಳಿದ ಶೇಷವು ಸಕ್ಕರೆಯೆಂದೂ, ಮಾಧುರ್ಯವು ರೋಗಿಯ ರಕ್ತದಲ್ಲಿಯೇ ಇರುವುದೆಂದೂ ಪ್ರಕಟಿಸಿದ್ದನು. ಇವೆರಡಕ್ಕೂ ಸಂಬಂಧವಿಲ್ಲ, ಕಾಕತಾಳೀಯವಷ್ಟೆ. ಆದರೆ ನಮ್ಮ ಸುಶ್ರುತನು ಅದಕ್ಕೂ ಬಹು ಶತಮಾನಗಳ ಹಿಂದೆಯೇ ಪ್ರಮೇಹವನ್ನು ಹುಟ್ಟಿನಿಂದ ಬರುವುದೆಂದೂ ಅಪಥ್ಯದಿಂದ ಬರುವುದೆಂದೂ ಇಬ್ಬಗೆಯಾಗಿ ವಿಂಗಡಿಸಿ, ನಿರ್ಧನನಾದ ರೋಗಿಯು ಕೊಡೆ ಪಾದರಕ್ಷೆಗಳಿಲ್ಲದೆ ನೂರು ಯೋಜನ ನಡೆಯಲೆಂದೂ, ಸಿರಿವಂತನು ಶ್ಯಾಮಾಕ ನೀವಾರಗಳಂಥ ಒರಟು ಧಾನ್ಯಗಳನ್ನುಂಡು ಬಾಳಲೆಂದೂ ವಿಧಿಸಿದ್ದನು. ವಿಧಿಯಲ್ಲಿ ತುಸು ನಿಷ್ಠುರತೆಯಿದ್ದರೂ ನಿದಾನದಲ್ಲಿ ತಪ್ಪಿರಲಿಲ್ಲ.

ಈ ಸೀಮೆಯ ಅತಿ ಪ್ರಾಚೀನ ಅನ್ನವೂ ಒರಟೇ. ಸುರಪುರ ಸೀಮೆಯ ಬೂದಿಹಾಳದ ಬೂದಿದಿಬ್ಬವನ್ನು ಉಳಿಸಿಹೋದ ನವಶಿಲಾಯುಗದ ಗೋಪಾಲಕರ ಸಮಕಾಲೀನರು ಕೊರಲೆ, ಹೆಸರು, ಹುರುಳಿಗಳನ್ನು ಬೆಳೆದುದು ಬಳ್ಳಾರಿಯ ಸಂಗನಕಲ್ಲಿನಂಥ ನೆಲೆಗಳಲ್ಲಿ ದೊರೆತ ಸುಟ್ಟ ಬೀಜಗಳಿಂದ ತಿಳಿದುಬಂದಿದೆ. ಆಫ್ರಿಕಾ ಮೂಲದ ಜೋಳವು ಅನಂತರ ಬಂದು ಎರೆಮಣ್ಣಿಗೆ ಒಡೆಯನಾಯಿತು. 1860ರಲ್ಲಿ ಸುರಪುರವು ನಿಜಾಮನ ಕೈಸೇರಿದಾಗಲೂ, 1948ರಲ್ಲಿ ನಿಜಾಮನ ಆಳ್ವಿಕೆ ಕೊನೆಗಂಡಾಗಲೂ ಗಂಗಾಳದ ಮೇಲಿನ ಪ್ರಭುತ್ವವು ಬದಲಾಗಲಿಲ್ಲ: ಜೋಳದ ರೊಟ್ಟಿ, ಚಳಿಗಾಲದಲ್ಲಿ ಸಜ್ಜೆಯದು, ಪುಂಡಿಪಲ್ಯ, ತೊಗರಿಬ್ಯಾಳಿ, ಶೇಂಗಾಹಿಂಡಿ, ಮಜ್ಜಿಗೆ. ನೆಲ್ಲಕ್ಕಿಯ ಅನ್ನವು ಹಬ್ಬಕ್ಕೂ ಬೀಗರಿಗೂ ಮೀಸಲಾಗಿದ್ದಿತು. ಇದನ್ನು ಸುವರ್ಣಯುಗವೆಂದು ನಾನು ಹೇಳಲೊಲ್ಲೆ; 1876ರಿಂದ 78ರವರೆಗಿನ ಕ್ಷಾಮದಲ್ಲಿ ಹಗೇವುಗಳು ಬರಿದಾದಾಗ ಆ ಗಂಗಾಳವೂ ಬರಿದಾಗಿತ್ತು.

ಪರಿವರ್ತನೆಯು ಬಂದುದು ಯಾವ ದೊರೆಯಿಂದಲೂ ಅಲ್ಲ, ನೀರಿನಿಂದ. 1964ರ ಮೇ ತಿಂಗಳಲ್ಲಿ, ಪ್ರಧಾನಿಯಾಗಲು ಇನ್ನು ಕೆಲವೇ ದಿನಗಳಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲನ್ನಿಟ್ಟರು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆಯು ಸುರಪುರ ಶಹಾಪುರಗಳ ಹೊಲಗಳನ್ನು ತೊಯಿಸಿತು. ಯೋಜನೆಯನ್ನು ರೂಪಿಸಿದವರು ಲಘು ನೀರಾವರಿಯ ಬೆಳೆಗಳನ್ನು ಎಣಿಸಿದ್ದರಾದರೂ, ಬಾಗಿಲಿಗೆ ಬಂದ ನೀರನ್ನು ಕಂಡ ರೈತನು, ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡವರ ಮಾದರಿಯನ್ನೂ ನೋಡಿ, ಭತ್ತವನ್ನೇ ನೆಟ್ಟನು; ಬರಗಾಲವನ್ನು ಕಂಡವನನ್ನು ಅದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಮುಂದೆ ಪಡಿತರದ ಅಕ್ಕಿಯೂ ಜೊತೆಗೂಡಲು, ಹಬ್ಬದ ಅನ್ನವು ನಿತ್ಯದ್ದಾಯಿತು. ಅಣೆಕಟ್ಟು ಮುಗಿಯುವುದಕ್ಕೆ ಒಂದು ವರ್ಷ ಮುಂಚೆ, ಅಂದರೆ 1981ರಲ್ಲಿ, ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಯಾವ ಆಹಾರವು ರಕ್ತದ ಸಕ್ಕರೆಯನ್ನು ಎಷ್ಟು ತ್ವರಿತವಾಗಿ ಏರಿಸುವುದೆಂಬ ಸೂಚ್ಯಂಕವನ್ನು ಪ್ರಕಟಿಸಿದ್ದರು. ಇನ್ಸುಲಿನ್ ಪತ್ತೆಯಾದುದೂ ಅದೇ ಊರಿನಲ್ಲಿ, 1921ರಲ್ಲಿ.

ಆರೋಗ್ಯವಂತನ ಸಮಸ್ತ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸು ಸುಮಾರು 5 ಗ್ರಾಂ, ಒಂದು ಚಹಾ ಚಮಚೆಯಷ್ಟು ಮಾತ್ರ. ಖಾಲಿ ಹೊಟ್ಟೆಯಲ್ಲಿ ಡೆಸಿಲೀಟರಿಗೆ 70ರಿಂದ 100 ಮಿಲಿಗ್ರಾಂ, ಉಂಡ ಎರಡು ಗಂಟೆಯ ಮೇಲೆ 140ರೊಳಗೆ ಎಂಬ ಈ ಇಕ್ಕಟ್ಟಾದ ಮೇರೆಯನ್ನು ಕಾಯುವುದು ಮೇದೋಜೀರಕಾಂಗದ ಇನ್ಸುಲಿನ್ ಮತ್ತು ಗ್ಲುಕಗಾನ್. ಯಕೃತ್ತೋ ನಮ್ಮ ಹಗೇವಿನಂತೆ, ಸುಗ್ಗಿಯಲ್ಲಿ ತುಂಬಿಕೊಂಡು ಅಭಾವದಲ್ಲಿ ತೆರೆದುಕೊಳ್ಳುವುದು. ಪಾಲಿಶ್ ಮಾಡಿದ ಅಕ್ಕಿಯ ಅನ್ನವನ್ನು ತಿಳಿಸಾರಿನೊಡನೆ ರಾಶಿಯಾಗಿ ಉಂಡರೆ, ಅಥವಾ ಸಂಜೆ ಚುರುಮುರಿ ಮಿರ್ಚಿಗಳ ಮೇಲೆ ಸಿಹಿ ಚಹಾ ಕುಡಿದರೆ, ಪಿಷ್ಟವು ಬೇಗನೆ ಕರಗಿ ಸಕ್ಕರೆಯು ಸರ್ರನೆ ಏರುವುದು. ಕೆಲವರಲ್ಲಿ ಅದು ಅಷ್ಟೇ ಬೇಗ ಇಳಿದು, ಜಡತ್ವವನ್ನೂ ಮತ್ತೊಂದು ಹಸಿವನ್ನೂ ತರುವುದು. ಮಧುಮೇಹಿಯಲ್ಲಿ ಏರಿದ್ದು ಇಳಿಯಲೊಲ್ಲದು. ವರ್ಷಾನುವರ್ಷ ಹೀಗೆಯೇ ನಡೆಯಲು ಸೂಕ್ಷ್ಮ ರಕ್ತನಾಳಗಳ ಒಳಪದರವು ಕೆಟ್ಟು, ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡ, ಪಾದದ ನರಗಳು ನೋವಿನ ಸುಳಿವನ್ನೂ ಕೊಡದೆ ಕ್ಷೀಣಿಸುವುವು.

ಹಾಗೆಂದು ಜೋಳವನ್ನು ತಾಯಿತದಂತೆ ಕೊಂಡಾಡುವವರ ಪಕ್ಷದಲ್ಲಿ ನಾನಿಲ್ಲ. ಜೋಳವೂ ಪಿಷ್ಟವೇ, ನಾಲ್ಕು ರೊಟ್ಟಿ ತಿಂದು ಅಂಗಡಿಯ ಗಾದಿಗೆ ಒರಗಿದವನ ಸಕ್ಕರೆಯೂ ಏರಿಯೇ ಏರುವುದು. ಹಿರಿಯರನ್ನು ಕಾಪಾಡಿದ್ದು ಧಾನ್ಯವೊಂದೇ ಅಲ್ಲ, ಅದರೊಡನಿದ್ದ ಕಾಳು, ಸೊಪ್ಪು ಮತ್ತು ಹೊತ್ತು ಮುಳುಗುವ ತನಕದ ದುಡಿಮೆ. ಟ್ರಾಕ್ಟರು ಮೋಟಾರುಸೈಕಲ್ಲುಗಳ ಕಾಲದಲ್ಲಿ ಆ ದುಡಿಮೆಯನ್ನು ಮರಳಿ ತರುವುದು ಅಸಾಧ್ಯವಾದರೂ, ಪುಂಡಿಪಲ್ಯವನ್ನೂ ಬ್ಯಾಳಿಯನ್ನೂ ಮೊದಲು ಉಂಡು ರೊಟ್ಟಿ ಅನ್ನಗಳನ್ನು ಕಡೆಗಿಟ್ಟುಕೊಳ್ಳುವುದು, ಅನ್ನದ ಪಾಲನ್ನು ಅರ್ಧಕ್ಕಿಳಿಸುವುದು, ಉಂಡೊಡನೆ ಮಲಗದೆ ಕಾಲುಗಂಟೆ ಅಡ್ಡಾಡುವುದು, ಮೂರು ತಿಂಗಳಿಗೊಮ್ಮೆ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸುವುದು ಯಾರಿಗೂ ಅಸಾಧ್ಯವಲ್ಲ.

ಏರಿಕೆಗೆ ಹೆದರುವ ಜನ ಇಳಿಕೆಯನ್ನು ಮರೆಯುವರೆಂಬುದನ್ನು ಇಲ್ಲಿ ಹೇಳಲೇಬೇಕು. ಇನ್ಸುಲಿನ್ ಚುಚ್ಚಿಸಿಕೊಳ್ಳುವವರೂ ಗ್ಲಿಮೆಪಿರೈಡಿನಂಥ ಗುಳಿಗೆ ನುಂಗುವವರೂ ಶ್ರಾವಣ ಸೋಮವಾರವೆಂದೋ ರಂಜಾನಿನ ರೋಜಾ ಎಂದೋ ಉಪವಾಸವಿದ್ದು, ಔಷಧವನ್ನು ಮಾತ್ರ ಎಂದಿನಂತೆಯೇ ತೆಗೆದುಕೊಂಡರೆ, ಸಕ್ಕರೆಯು 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಮತಿಭ್ರಮೆಗಳು ತಲೆದೋರುವುವು. ಆದ್ದರಿಂದ ಉಪವಾಸಕ್ಕೆ ಮುಂಚೆಯೇ ವೈದ್ಯರನ್ನು ಕಂಡು ಔಷಧದ ಪ್ರಮಾಣವನ್ನೂ ಹೊತ್ತನ್ನೂ ನಿಶ್ಚಯಿಸಿಕೊಳ್ಳತಕ್ಕದ್ದು. ಇಳಿಕೆ ಕಂಡಾಗ ವ್ರತವನ್ನು ಅಲ್ಲಿಗೇ ಬಿಟ್ಟು, ಮೂರು ನಾಲ್ಕು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಕಾಲುಗಂಟೆಯ ಮೇಲೆ ಮತ್ತೆ ಪರೀಕ್ಷಿಸಿ, ಇನ್ನೂ ಏರದಿದ್ದರೆ ಮತ್ತೊಮ್ಮೆ ಕುಡಿದು, ಚೇತರಿಸಿಕೊಂಡ ಮೇಲೆ ಊಟ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ತಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.