ಬೆನ್ನು ತಿರುಗಿಸದೆ ಪಾಠ ಮಾಡುವುದಕ್ಕೆ

ಕಾಲೇಜಿನ ಸೆಮಿನಾರ್ ಹಾಲಿನ ಬೀಗದ ಕೈ ಇಪ್ಪತ್ತೈದು ವರ್ಷ ನನ್ನ ಹತ್ತಿರವೇ ಇತ್ತು. 1997ರಲ್ಲಿ ಕಂಪ್ಯೂಟರಿಗೆ ಜೋಡಿಸುವ ಮೊದಲ ಪ್ರೊಜೆಕ್ಟರ್ ಬಂದಾಗ ಪೆಟ್ಟಿಗೆ ಬಿಚ್ಚಿ ಮೇಜಿನ ಮೇಲಿಟ್ಟವನು ನಾನು. ಅಲ್ಲಿಯವರೆಗೆ ಓಎಚ್‌ಪಿ, ಅಂದರೆ ಓವರ್‌ಹೆಡ್ ಪ್ರೊಜೆಕ್ಟರ್. ಮೇಷ್ಟ್ರು ಪಾರದರ್ಶಕ ಹಾಳೆಯ ಮೇಲೆ ಬರೆಯುತ್ತ, ಹುಡುಗರ ಮುಖ ನೋಡುತ್ತಲೇ ಮಾತಾಡುತ್ತಿದ್ದರು. ಕಂಪ್ಯೂಟರ್ ಬಂದ ದಿನವೇ ಆ ಸುಖ ಹೋಯಿತು. ಸಿಪಿಯು ಹಿಂದೆ ಪರದೆಗೆ ಚಿತ್ರ ಕಳಿಸಲು ಇದ್ದದ್ದು ಒಂದೇ ವಿಜಿಎ ಪೋರ್ಟ್. ಮಾನಿಟರಿನ ಕೇಬಲ್ ಕಿತ್ತು ಪ್ರೊಜೆಕ್ಟರಿನದನ್ನು ಹಾಕಬೇಕು. ಮೇಷ್ಟ್ರು ಕೈಯಲ್ಲಿ ಮೌಸ್ ಹಿಡಿದು, ತರಗತಿಗೆ ಬೆನ್ನು ಹಾಕಿ, ಗೋಡೆ ನೋಡುತ್ತ ಪಾಠ ಮಾಡುವುದು ನನ್ನ ಕೈಲಿ ನೋಡಲಾಗುತ್ತಿರಲಿಲ್ಲ.

ಈ ಕಷ್ಟಕ್ಕೆ ಒಬ್ಬರು ಬಹಳ ಹಿಂದೆಯೇ ದಾರಿ ಮಾಡಿದ್ದರೆಂಬುದು ನನಗೆ ತಡವಾಗಿ ತಿಳಿಯಿತು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಜಿನಿಯರ್ ಡಗ್ಲಸ್ ಎಂಗಲ್‌ಬಾರ್ಟ್ ಸುಮಾರು ಸಾವಿರ ಜನರ ಎದುರು 90 ನಿಮಿಷ ತಮ್ಮ ಕಂಪ್ಯೂಟರನ್ನು ನಡೆಸಿ ತೋರಿಸಿದರು. ಆ ದಿನದ ಬಗ್ಗೆ ಬರೆಯುವವರೆಲ್ಲ ಅವರು ಅಂದು ತೋರಿಸಿದ ಮೌಸಿನ ಮಾತೆತ್ತುತ್ತಾರೆ. ನನ್ನ ಕಣ್ಣು ಹೋದದ್ದು ವೇದಿಕೆಯ ಏರ್ಪಾಟಿನ ಮೇಲೆ. ಅವರ ಮುಂದೆ ಒಂದು ಮಾನಿಟರ್, ಸಭೆಗೆ ಬೃಹತ್ ಪರದೆ, ಎರಡರಲ್ಲೂ ಅದೇ ಚಿತ್ರ. ಕಂಪ್ಯೂಟರ್ ಇದ್ದದ್ದು ಸುಮಾರು 30 ಮೈಲಿ ದೂರದ ಮೆನ್ಲೊ ಪಾರ್ಕಿನಲ್ಲಿ. ಅಲ್ಲಿ ಪುಟ್ಟ ಸಿಆರ್‌ಟಿ ಪರದೆಗಳ ಮೇಲೆ ಅಕ್ಷರ ಮೂಡುತ್ತಿದ್ದವು, ಅವುಗಳ ಎದುರು ಟಿವಿ ಕ್ಯಾಮೆರಾ ಇಟ್ಟಿದ್ದರು. ಹಾಗಾಗಿ ಕಂಪ್ಯೂಟರಿನ ಚಿತ್ರ ಹೊರಡುವಾಗಲೇ ಟಿವಿ ಸಿಗ್ನಲ್ ಆಗಿರುತ್ತಿತ್ತು, ಮೈಕ್ರೋವೇವ್ ಮೂಲಕ ಸಭಾಂಗಣಕ್ಕೆ ಬರುತ್ತಿತ್ತು. ಟಿವಿ ಸಿಗ್ನಲನ್ನು ಹಂಚುವುದು ಆ ಕಾಲಕ್ಕೆ ಪಳಗಿದ ವಿದ್ಯೆ. ಪ್ರೊಜೆಕ್ಟರ್ ಸ್ವಿಟ್ಜರ್ಲೆಂಡಿನ ಫ್ರಿಟ್ಜ್ ಫಿಷರ್ ಕಲ್ಪಿಸಿದ ಐಡೋಫೋರ್. ಅದರೊಳಗೆ ತೆಳ್ಳನೆಯ ಎಣ್ಣೆಯ ಪದರ. ಎಲೆಕ್ಟ್ರಾನ್ ಕಿರಣ ಆ ಎಣ್ಣೆಯ ಮೇಲೆ ಸುಕ್ಕು ಎಬ್ಬಿಸಿ ಚಿತ್ರ ಬರೆಯುತ್ತದೆ, ಪ್ರಖರ ದೀಪದ ಬೆಳಕು ಆ ಸುಕ್ಕುಗಳಲ್ಲಿ ಬಾಗಿ ಪರದೆ ಸೇರುತ್ತದೆ. ಎಣ್ಣೆಯ ಮೇಲೆ ಬರೆದ ಚಿತ್ರ! ಇವತ್ತಿಗೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ನಮ್ಮ ಹಾಲಿಗೆ ಬಂದ ವಿಜಿಎ 1987ರಲ್ಲಿ ಐಬಿಎಂ ತಂದದ್ದು. ಮೂರು ಸಾಲಿನಲ್ಲಿ 15 ಪಿನ್ನು. ಕೆಂಪು, ಹಸಿರು, ನೀಲಿಗೆ ಒಂದೊಂದು ತಂತಿ. ನೀಲಿಯ ಪಿನ್ನು ಬಾಗಿದರೆ ಬಿಳಿ ಪರದೆ ಪೂರ್ತಿ ಹಳದಿ. ಇಕ್ಕಳದಿಂದ ಎಷ್ಟು ಪಿನ್ನು ನೆಟ್ಟಗೆ ಮಾಡಿದ್ದೇನೋ ಲೆಕ್ಕವಿಲ್ಲ. ಮಾನಿಟರಿಗೂ ಪ್ರೊಜೆಕ್ಟರಿಗೂ ಒಟ್ಟಿಗೆ ಚಿತ್ರ ಹೋಗಲೆಂದು ಮೊದಲು ಕವಲೊಡೆದ ವೈ ಕೇಬಲ್ ಹಾಕಿ ನೋಡಿದೆ. ಎರಡೂ ಕಡೆ ಚಿತ್ರ ಬಂತು, ಎರಡೂ ಕಡೆ ಮಂಕು. ಪ್ರತಿ ಬಣ್ಣದ ಸಿಗ್ನಲ್ 0.7 ವೋಲ್ಟ್, ಅದು 75 ಓಮ್‌ನ ಒಂದು ಪರದೆಯ ಲೆಕ್ಕಕ್ಕೆ. ಎರಡು ಪರದೆ ಒಟ್ಟಿಗೆ ಎಳೆದರೆ ಮೂರರಲ್ಲಿ ಒಂದು ಪಾಲು ಇಳಿದುಬಿಡುತ್ತದೆ. ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ಕರೆಂಟಿನ ಸ್ಪ್ಲಿಟರ್ ತಂದೆ. ಅದರೊಳಗಿನ ಆಂಪ್ಲಿಫೈಯರ್ ಎರಡೂ ಪರದೆಗೆ ಪೂರ್ತಿ ಬಲ ಕೊಡುತ್ತದೆ. ಇನ್ನೊಂದು ತೊಡಕು ಉಳಿದೇ ಇತ್ತು. ಮಾನಿಟರಿನ 85 ಹರ್ಟ್ಸ್, ಅಂದರೆ ಸೆಕೆಂಡಿಗೆ 85 ಸಲ ಚಿತ್ರ ಬರೆಯುವ ವೇಗ, ನಮ್ಮ ಪ್ರೊಜೆಕ್ಟರಿಗೆ ಒಗ್ಗುತ್ತಿರಲಿಲ್ಲ. 60ಕ್ಕೆ ಇಳಿಸಿದರೆ ಗೋಡೆಯ ಚಿತ್ರ ನಿಲ್ಲುತ್ತಿತ್ತು, ಮಾನಿಟರ್ ಮಿಣುಕುತ್ತಿತ್ತು. ಫಿಸಿಕ್ಸ್ ಮೇಡಮ್ಮು ಒಂದು ಗಂಟೆ ಆ ಮಿಣುಕನ್ನೇ ನೋಡಿ, ಪಾಠ ಮುಗಿದ ಮೇಲೆ ಕಣ್ಣೊತ್ತಿಕೊಂಡು, “ಪರವಾಗಿಲ್ಲ, ಹುಡುಗರ ಮುಖ ಕಾಣಿಸ್ತಲ್ಲ” ಅಂದರು.

ಲ್ಯಾಪ್‌ಟಾಪ್ ಬಂದ ಮೇಲೆ ಸ್ಪ್ಲಿಟರ್ ಬೀರು ಸೇರಿತು. ಚಿತ್ರವನ್ನು ಗೋಡೆಗೂ ಕಳಿಸಲು ಎಫ್‌ಎನ್ ಕೀಲಿಯ ಜೊತೆ ಒಂದು ಕಂಪನಿಗೆ ಎಫ್5, ಇನ್ನೊಂದಕ್ಕೆ ಎಫ್7, ಮತ್ತೊಂದಕ್ಕೆ ಎಫ್8. ಪಟ್ಟಿ ಬರೆದು ಪೋಡಿಯಮ್ಮಿಗೆ ಅಂಟಿಸಿದ್ದೆ. 2009ರಲ್ಲಿ ವಿಂಡೋಸ್ 7 ಬಂದು, ವಿಂಡೋಸ್ ಕೀಲಿಯ ಜೊತೆ ಪಿ ಒತ್ತಿದರೆ ಸಾಕೆಂದಾದಾಗ ಪಟ್ಟಿ ಕಿತ್ತೆ.

ಆಗ ಮೂಡುವ ಆಯ್ಕೆಗಳಲ್ಲಿ ಎರಡೂ ಕಡೆ ಒಂದೇ ಚಿತ್ರ ತೋರುವ ಡ್ಯೂಪ್ಲಿಕೇಟ್ ಅಂತ ಒಂದು, ಎರಡು ಕಡೆ ಬೇರೆ ಬೇರೆ ತೋರುವ ಎಕ್ಸ್‌ಟೆಂಡ್ ಅಂತ ಇನ್ನೊಂದು. ಹೊಸ ಮೇಷ್ಟ್ರುಗಳಿಗೆ ಎಕ್ಸ್‌ಟೆಂಡ್ ಇಷ್ಟ. ಗೋಡೆಯ ಮೇಲೆ ಸ್ಲೈಡು, ಲ್ಯಾಪ್‌ಟಾಪಿನಲ್ಲಿ ಅವರ ಟಿಪ್ಪಣಿ. ಬರೀ ಸ್ಲೈಡು ಓಡಿಸುವುದಾದರೆ ಅದು ಚೆನ್ನ. ಪ್ರೋಗ್ರಾಂ ಬರೆದು ತೋರಿಸಬೇಕಾದಾಗ ಮಾತ್ರ ಮೌಸು ಗೋಡೆಯ ಕಡೆಗೆ ದಾಟಿಹೋಗುತ್ತದೆ, ಅದನ್ನು ಹುಡುಕಲು ಅವರ ಕತ್ತು ಹಿಂದೆ ತಿರುಗುತ್ತದೆ. ಆಗ ನಾನು ಕೊನೆಯ ಬೆಂಚಿನಿಂದ ಎದ್ದು ಹೋಗಿ, ಕೇಳದೆಯೇ ಡ್ಯೂಪ್ಲಿಕೇಟ್ ಒತ್ತಿ ಬರುತ್ತಿದ್ದೆ.